ಈಗ ಬಂದೆ

ಜೂನ್ 3, ಸೋಮವಾರ
ಒಂಬತ್ತಕ್ಕೆ ಸ್ಪ್ಯಾನಿಷ್ ಪಾಠ. ಎಂದಿನಂತೆ, ವಿದ್ಯಾರ್ಥಿಗಳನ್ನು ಮನೆಯಲ್ಲಿರಿಸಿಕೊಳ್ಳುವ ಸೋಯ್ಲಳ ಅಂಗಳ. ಒಂದು ಮೇಜು, ಎರಡು ಕುರ್ಚಿ. ಈ ಸಲದ ವಿದ್ಯಾರ್ಥಿನಿ ನಾರ್ವೆಯವಳು — ತೂರ್ದಿಸ್, ನಲವತ್ತಾರು, ನರ್ಸ್. ನಾಲ್ಕು ವಾರ ಸೋಯ್ಲಳ ಮನೆಯಲ್ಲೇ ವಾಸ, ಊಟ. ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ. ಗೊತ್ತಿಲ್ಲದ್ದನ್ನು ಅಭಿನಯಿಸಿ ತೋರಿಸಬೇಕು. ಅವಳಿಗೆ "ಚಳಿ" ಎಂಬ ಪದ ಗೊತ್ತಿರಲಿಲ್ಲ. ನನ್ನ ತೋಳು ಹಿಡಿದು ನಡುಗಿ ತೋರಿಸಿದಳು. ಅಂಥದ್ದೇನಿಲ್ಲ. ಬರೆದಿಟ್ಟೆ, ಅಷ್ಟೆ.

ಜೂನ್ 6
ತೂರ್ದಿಸ್ ಪಾಠದ ನಡುವೆ ಎದ್ದು, "ನಾನು ಹೋಗುತ್ತದೆ" ಎಂದಳು. ಮೆಕ್ಕೆಜೋಳ ಬೇಯಿಸುತ್ತಿದ್ದ ಸೋಯ್ಲ ಸೌಟು ಹಿಡಿದೇ ಓಡಿಬಂದಳು.
"ಅಯ್ಯೋ, ಎಲ್ಲಿಗಮ್ಮ? ಊಟದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"
ಅವಳು ಹೊರಟದ್ದು ಅಂಚೆಚೀಟಿ ತರಲು, ಮೂಲೆ ಅಂಗಡಿಗೆ.
"ನಮ್ಮ ಕ್ವೆಂಕಾ ಊರಲ್ಲಿ ಹೋಗ್ತೀನಿ ಅನ್ನಬಾರದು" ಎಂದೆ. "ಯಾ ವೆಂಗೊ ಅನ್ನಿ. ಈಗ ಬಂದೆ."
"ಆದರೆ ನಾನು ಬರುವುದು ಅಲ್ಲ. ಹೋಗುವುದು."
"ಅದಕ್ಕೆ ಅರ್ಥ ಇಲ್ಲ. ಹೊರಡುವಾಗ ಬಾಗಿಲಲ್ಲಿ ಹೇಳೋ ಮರ್ಯಾದೆ ಮಾತು. ಒಂದು ಗಂಟೆ ಹೋದ್ರೂ ಅದೇ, ಒಂದು ವರ್ಷ ಹೋದ್ರೂ ಅದೇ."
"ನಮ್ಮ ಯಜಮಾನ್ರೂ ಈಗ ಬಂದೆ ಅಂತ್ಲೇ ನ್ಯೂಯಾರ್ಕಿಗೆ ಹೋದ್ರು" ಎಂದಳು ಸೋಯ್ಲ. "ಒಂಬತ್ತು ವರ್ಷ ಆಯ್ತು. ದಾರೀಲಿ ಟ್ರಾಫಿಕ್ಕು ಜಾಸ್ತಿ ಇರ್ಬೇಕು."
ತೂರ್ದಿಸ್ ಬರೆದುಕೊಂಡಳು: ಈಗ ಬಂದೆ — ಅರ್ಥ ಇಲ್ಲ. ಕೆಳಗೆ ಎರಡು ಗೆರೆ.

ಜೂನ್ 19
ಏಕವಚನದ ಪಾಠ. ಇಷ್ಟು ದಿನ ಮುಂದೂಡಿದ್ದೆ. ಅಭ್ಯಾಸಕ್ಕೆ ಅವಳು ನನ್ನನ್ನೇ "ನೀನು" ಎನ್ನಬೇಕು.
"ನೀನು ಯಾಕೆ ಗೋಡೆ ನೋಡುತ್ತೀಯ?"
ಕ್ರಿಯಾಪದ ಸರಿಯಾಗಿತ್ತು. ಹತ್ತು ನಿಮಿಷ ಮುಂಚೆಯೇ ಪುಸ್ತಕ ಮುಚ್ಚಿದೆ.
ಹೊರಡುವಾಗ ಸೋಯ್ಲ: "ಮೇಷ್ಟ್ರೇ, ಶರ್ಟಿಗೆ ಇಸ್ತ್ರಿ! ಯಾರಾದ್ರೂ ಸತ್ರಾ?"

ಜೂನ್ 27
ನಾಳೆ ಕೊನೆಯ ಪಾಠ. ಭವಿಷ್ಯತ್ಕಾಲ ಮುಗಿದಿಲ್ಲ. ಇನ್ನೊಂದು ವಾರ ಇದ್ದು ಮುಗಿಸಿಕೊಳ್ಳಿ ಎನ್ನಬಹುದು. ವ್ಯಾಕರಣದ ಕಾರಣ; ಯಾರಿಗೂ ಸಂಶಯ ಬಾರದು. ಇರಿ... ಒಂದೇ ಮಾತು.

ಜೂನ್ 29, ಶನಿವಾರ, ಬೆಳಿಗ್ಗೆ 11
ನಿನ್ನೆ ಹೇಳಲಿಲ್ಲ. ಇವತ್ತು ಪಾಠವಿಲ್ಲ. ಆದರೂ ಹೋದೆ. ಟ್ಯಾಕ್ಸಿ ಬಂದು ನಿಂತಿತ್ತು. ಸೋಯ್ಲ ಬುತ್ತಿ ಕಟ್ಟಿಕೊಟ್ಟಳು, ಅತ್ತಳು, ಅವಸರ ಮಾಡಿದ ಡ್ರೈವರನನ್ನು ಬೈದಳು. ತೂರ್ದಿಸ್ ನನ್ನ ಕೈ ಹಿಡಿದಳು. ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು. ನನ್ನ ಅಳತೆ ತಪ್ಪಿರಬಹುದು.
"ಈಗ ಬಂದೆ" ಎಂದಳು.
ಉಚ್ಚಾರ ಶುದ್ಧ. ನಮ್ಮೂರಿನ ರಾಗ ಕೂಡ ಇತ್ತು.
"ಚೆನ್ನಾಗಿ ಹೇಳಿದಿರಿ" ಎಂದೆ. ಮೇಷ್ಟ್ರು!
ನದಿಯ ದಂಡೆ ಹಿಡಿದು ಮನೆಗೆ ನಡೆದೆ. ಅರ್ಥ ಇಲ್ಲ ಎಂದು ಬರೆಸಿದವನು ನಾನೇ. ಎರಡು ಗೆರೆ ಮಾತ್ರ ಅವಳವು.

ಆಗಸ್ಟ್ 12
ಹೊಸ ವಿದ್ಯಾರ್ಥಿ. ಕೆನಡಾದ ನಿವೃತ್ತ ನ್ಯಾಯಾಧೀಶ. ತೂರ್ದಿಸಳಿಂದ ಪತ್ರವೇನೂ ಬಂದಿಲ್ಲ. ನನ್ನ ಕುರ್ಚಿಯನ್ನು ಬೀದಿಬಾಗಿಲ ಕಡೆಗೆ ತಿರುಗಿಸಿಕೊಂಡಿದ್ದೇನೆ. ಬಿಸಿಲಿನ ಕಾಟ ಎಂದೆ.
"ಅಲ್ಲಿ ಬಿಸಿಲೇ ಬೀಳಲ್ವಲ್ಲ ಮೇಷ್ಟ್ರೇ" ಎಂದಳು ಸೋಯ್ಲ, ಮೆತ್ತಗೆ. ಆಮೇಲೆ ಚೀಲ ಹಿಡಿದು, "ಈಗ ಬಂದೆ!" ಎನ್ನುತ್ತ ಮಾರ್ಕೆಟ್ಟಿಗೆ ಹೊರಟಳು.
ನ್ಯಾಯಾಧೀಶ ಪೆನ್ನು ತೆರೆದ. "ಹೋಗುವುದು, ಆದರೆ ಬಂದೆ. ಅರ್ಥ ಏನು?"
ಬರೆದುಕೊಳ್ಳಿ ಎಂದೆ. ಅರ್ಥ ಇದೆ. ಅದರ ಅರ್ಥ —