ಬನವ್ವನ ಮನೆಯ ಒಂಬತ್ತು ಬಸಿ ಚಹಾ

ಗದಗ, ಬೇಗೆ ತಿಂಗಳ ಮೂವತ್ತೆರಡು, ೨೧೯೭

ಡಾಕ್ಟರ್ ಶಕುಂತಲಾ ಹೊಂಬಳ ಅವರಿಗೆ ಡಾಕ್ಟರ್ ಮುಕ್ತಾ ಕವಳಿಕಾಯಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಹುಬ್ಬೇರಿಸಬೇಡಿ. ಬಿಸಿಲು ಮೇ ತಿಂಗಳಿಗೆ ಮುಗಿಯದೆ ಹೋದದ್ದರಿಂದ ನಮ್ಮ ಅಜ್ಜಂದಿರ ಕಾಲದಲ್ಲಿ ಮೇ ಮತ್ತು ಜೂನ್ ನಡುವೆ ಇನ್ನೊಂದು ತಿಂಗಳನ್ನು ತುರುಕಿದರು. ಅದೇ ಬೇಗೆ ತಿಂಗಳು, ಅದಕ್ಕೆ ನಲವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕೈಬರಹ ಓದಲು ನನಗೂ ಹನ್ನೊಂದು ದಿನ ಬೇಕಾಯಿತು, ಅಲ್ಲಿಗೆ ಇಬ್ಬರೂ ಸಮ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಹೋದ ತಿಂಗಳು ಹಳೆಯ ಆಸ್ಪತ್ರೆಯನ್ನು ಕೆಡವುವಾಗ ಕಬ್ಬಿಣದ ಕಪಾಟಿನಲ್ಲಿ ನೂರೆಪ್ಪತ್ತು ವರ್ಷ ಹಿಂದಿನ ನಿಮ್ಮ ದಿನಚರಿ ಸಿಕ್ಕಿತು. ಅಂದಿನಿಂದ ಊಟ ರುಚಿಸುತ್ತಿಲ್ಲ.

ನ್ಯಾಯವಾಗಿ ನೋಡಿದರೆ ನೀವು ನನ್ನನ್ನು ಕಂಡು ಕರುಬಬೇಕಿತ್ತು. ನಾನೂ ನಿಮ್ಮಂತೆ ಕ್ಯಾನ್ಸರಿಗೆ ಮದ್ದು ಕೊಡುವವಳು. ನಮ್ಮನ್ನು ಗುಣಿಗರು ಎನ್ನುತ್ತಾರೆ. ರೋಗಿಯ ರಕ್ತದಿಂದಲೇ ಕಾವಲುಕಣಗಳನ್ನು ಬೆಳೆಸಿ, ವಾರಕ್ಕೊಂದು ಸೂಜಿಯಲ್ಲಿ ಅವನಿಗೇ ಹಿಂದಿರುಗಿಸುತ್ತೇವೆ. ಬೆಳಗಿನ ಜಾವ ನೆರಳುದಾರಿಯಲ್ಲಿ, ಅಂದರೆ ಮೇಲೆ ಚಪ್ಪರ ಹಾಕಿದ ಬೀದಿಗಳಲ್ಲಿ, ಜನ ನಡೆದು ಬರುತ್ತಾರೆ, ಸೂಜಿ ಹಾಕಿಸಿಕೊಂಡು ಬಿಸಿಲೇರುವ ಮೊದಲು ಮನೆ ಸೇರುತ್ತಾರೆ. ನೂರಕ್ಕೆ ತೊಂಬತ್ತು ಮಂದಿ ಬದುಕುತ್ತಾರೆ. ನಿಮ್ಮ ದಿನಚರಿಯಲ್ಲಿ ಅರ್ಧದಷ್ಟು ಜನವೂ ಬದುಕಿಲ್ಲ. ಆದರೂ ಉರಿಯುತ್ತಿರುವುದು ನನ್ನ ಹೊಟ್ಟೆ.

ಉಳಿದ ಹತ್ತು ಮಂದಿಯ ಕಥೆ ಕೇಳಿ. ಮದ್ದು ನಾಟುವುದಿಲ್ಲವೆಂದು ಗೊತ್ತಾದ ದಿನಕ್ಕೆ ನಮ್ಮಲ್ಲಿ ದಾಟುದಿನ ಎಂಬ ಹೆಸರಿದೆ. ಅಂದು ಆಸ್ಪತ್ರೆಯ ಬಾಗಿಲಿನವರೆಗೆ ಕೈಹಿಡಿದು ನಡೆಸಿ ರೋಗಿಯನ್ನು ಒಡನಾಡಿಗಳಿಗೆ ಒಪ್ಪಿಸುತ್ತೇವೆ. ಅವರದು ಎಲೆಹಸಿರು ಬಟ್ಟೆ. ನೋವು ಇಳಿಸುವುದು, ಪಕ್ಕದಲ್ಲಿ ಕೂರುವುದು ಅವರ ಕೆಲಸ. ಆಮೇಲೆ ಗುಣಿಗರು ಆ ರೋಗಿಯ ಮುಖ ನೋಡುವಂತಿಲ್ಲ. ನೋಡಿದರೆ ಮುದ್ರೆ, ಎಂದರೆ ಚಿಕಿತ್ಸೆ ಮಾಡುವ ಹಕ್ಕು ಹೋಗುತ್ತದೆ. ಕಾನೂನು ಸುಮ್ಮನೆ ಬಂದದ್ದಲ್ಲ. ಹಿಂದಿನ ಗುಣಿಗರು ಸೋಲೊಪ್ಪಲಾರದೆ, ರೋಗಿಯ ಕೊನೆಯುಸಿರಿನವರೆಗೂ ಚುಚ್ಚುತ್ತಲೇ ಇದ್ದರಂತೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದ ಹಾಗೆ, ಕಾನೂನು ಮಾಡಿದವರು ಮಿತಿ ಹೇಳುವ ಬದಲು ಬಾಗಿಲನ್ನೇ ಮುಚ್ಚಿದರು.

ನೀವೋ, ಬೆಳಿಗ್ಗೆ ಕೀಮೋ ಹಾಕುತ್ತಿದ್ದ ಅದೇ ಕೈಯಲ್ಲಿ ಮಧ್ಯಾಹ್ನ ಮಾರ್ಫಿನ್ ಹಿಡಿದು ಮನೆಮನೆಗೆ ಹೋಗುತ್ತಿದ್ದಿರಿ. ಎರಡು ದೋಣಿಯಲ್ಲಿ ಕಾಲಿಡಬೇಡಿ ಎಂದು ಮೇಲಿನವರು ಬೈದದ್ದನ್ನೂ ಬರೆದಿದ್ದೀರಿ. ನನ್ನ ನಿದ್ದೆ ಕೆಡಿಸಿದ್ದು ಬೆಟಗೇರಿಯ ನೇಕಾರಗಿತ್ತಿ ಬನವ್ವನ ಪುಟಗಳು. ಮೊದಲ ಕೀಮೋ ಹಾಕಿದ ದಿನವೇ, ಆಕೆ ಗುಣವಾಗುವ ನಂಬಿಕೆ ಎಲ್ಲರಿಗೂ ಇದ್ದಾಗಲೇ, ನೀವು ಅವಳ ಮನೆಗೆ ಹೋಗಿ ಮಗ್ಗದ ಪಕ್ಕ ಕುಳಿತು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಕುಡಿದಿರಿ. ಎಲ್ಲ ರೋಗಿಗಳಿಗೂ ಇದೇ ಪದ್ಧತಿ. ಏಕೆಂದು ಅಂಚಿನಲ್ಲಿ ಬರೆದಿದ್ದೀರಿ: "ಕೊನೆಗೆ ಮಾತ್ರ ಹೋದರೆ ನನ್ನನ್ನು ಕಂಡು ಓಣಿಯವರು ಅಳಲು ಶುರು ಮಾಡುತ್ತಾರೆ. ಮೊದಲಿನಿಂದ ಹೋದರೆ ಚಹಾಕ್ಕೆ ಬಂದಳು ಎನ್ನುತ್ತಾರೆ."

ಒಂಬತ್ತು ಸಲ ಹೋದಿರಿ. ಒಂಬತ್ತನೆಯ ಸಲ ಆಕೆಗೆ ಏಳಲಾಗುತ್ತಿರಲಿಲ್ಲ. ನೀವು ಔಷಧಿಯ ಬಾಟಲಿ ತೆಗೆದರೆ ಆಕೆ ಗದರಿದಳಂತೆ: "ಮೊದ್ಲ ಚಾ ಕುಡೀರಿ ಡಾಕ್ಟ್ರವ್ವಾ, ಆರತೈತಿ. ನೋವು ಎಲ್ಲಿಗೆ ಓಡಿ ಹೋಗತೈತ್ರಿ?" ಆ ಗದರಿಕೆಗಾಗಿ ಬದುಕುಳಿದ ನನ್ನ ತೊಂಬತ್ತು ಮಂದಿಯಲ್ಲಿ ಯಾರನ್ನೂ ಕೊಡಲಾರೆ, ನಿಜ. ಆದರೆ ಬೇಕು ಅನ್ನಿಸುತ್ತದೆ. ನನ್ನನ್ನು ಯಾವ ರೋಗಿಯೂ ಹಾಗೆ ಗದರಿಲ್ಲ.

ಈಗ ನನ್ನ ಸಂಕಟ. ಅಂದಾನೆಪ್ಪ ಎಂಬ ಹಿರಿಯರು, ಮಿರ್ಚಿ ಭಜಿ ಮಾಡಿ ಮಾರುತ್ತಿದ್ದವರು. ಎಂಟು ತಿಂಗಳು ಅವರಿಗೆ ನಾನೇ ಸೂಜಿ ಹಾಕಿದೆ. ನಾಟಲಿಲ್ಲ. ಐದು ದಿನದ ಹಿಂದೆ ನೀಲಗಂಗಾ ಎಂಬ ಒಡನಾಡಿಗೆ ಒಪ್ಪಿಸಿದೆ. ಅವಳು ಮನೆಗೆ ಹೋದರೆ ಅವರು ಹಸಿರು ಬಟ್ಟೆ ಕಂಡವರೇ ಒಳಗಿನಿಂದ ಚಿಲಕ ಹಾಕಿದರು. "ಆಕಿ ಕೈಯಾಗಿನ ಔಷಧ ಕುಡದ್ನೆಂದ್ರ ನಾ ಸತ್ತಂಗ. ಸೂಜಿ ಹಾಕಾಕಿನ್ನ ಕರೀರಿ" ಎಂದು ಒಂದೇ ಹಟ. ಐದು ದಿನದಿಂದ ನೋವಿನಲ್ಲಿ ಹಲ್ಲು ಕಚ್ಚಿ ಬಿದ್ದಿದ್ದಾರೆ. ಇಂದು ಬೆಳಿಗ್ಗೆ ನೀಲಗಂಗಾ ಬಂದು ನನ್ನ ಮುಂದೆ ಅತ್ತಳು. ನನ್ನ ರೋಗಿಗಳನ್ನೆಲ್ಲ ಕಿತ್ತುಕೊಳ್ಳುವವಳೆಂದು ಅವಳ ಮೇಲೂ ನನಗೆ ಕಿಚ್ಚಿತ್ತು. ರೋಗಿಗಳು ನನ್ನನ್ನೇ ಕೇಳುತ್ತಾರೆಂದು ಅವಳಿಗೂ ನನ್ನ ಮೇಲೆ ಅಷ್ಟೇ ಇತ್ತೆಂದು ಇಂದು ತಿಳಿಯಿತು.

ಇಲ್ಲಿಯವರೆಗೆ ಬೆಳಿಗ್ಗೆ ಬರೆದದ್ದು. ಈಗ ಸಂಜೆ.

ಹೋಗಿದ್ದೆ. ನೀಲಗಂಗಾಳಿಂದ ಬಾಟಲಿ ಪಡೆದು, ಎಷ್ಟು ಕೊಡಬೇಕೆಂದು ಕೇಳಿಕೊಂಡು, ನಡು ಹಗಲಲ್ಲಿ ಎಲ್ಲರ ಕಣ್ಣೆದುರೇ ಹೋದೆ. ಬಾಗಿಲು ತಟ್ಟಿ ಹೆಸರು ಹೇಳಿದೆ. ಚಿಲಕ ತೆಗೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಗೋಡೆ ಹಿಡಿದು ನಿಂತಿದ್ದರು. ಸೂಜಿ ತಂದಿರಾ ಎಂದು ಕೇಳುತ್ತಾರೆಂದು ಅಂಜಿದ್ದೆ. ಕೇಳಲಿಲ್ಲ.

"ಎಂಟ್ ತಿಂಗಳ ಚುಚ್ಚೀರಿ, ಒಂದ್ ದಿನಾನೂ ಮನೀಗೆ ಬರ್ಲಿಲ್ಲ. ಈಗರ ಬಂದ್ರಲ್ಲ. ಕೂಡ್ರಿ."

ನಿಜವಾದ ಚಹಾ ಎಲೆ ನಮ್ಮಲ್ಲಿ ಹಬ್ಬಕ್ಕೂ ಸಿಗುವುದು ಕಷ್ಟ. ಅವರು ಸೊಸೆಗೆ ಹೇಳಿ, ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಒಂದು ಚಿಟಿಕೆಯನ್ನು ಬಿಚ್ಚಿಸಿದರು. ಇನ್ನು ಸೂಜಿ ಇಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಿದೆ. ಗೊತ್ತೈತಿ ಎಂದರು. ನಾನು ಬಸಿಯ ಚಹಾ ಮುಗಿಸುವವರೆಗೆ ಕಾದು, ಆಮೇಲೆ ಔಷಧಿಗೆ ಬಾಯಿ ತೆರೆದರು. ಸ್ವಲ್ಪ ಹೊತ್ತಿಗೆ ಮುಷ್ಟಿ ಸಡಿಲವಾಯಿತು. ಬಾಗಿಲಾಚೆ ಕಾಯುತ್ತಿದ್ದ ನೀಲಗಂಗಾಳನ್ನು ಒಳಗೆ ಕರೆದೆ. ಅವಳು ನನ್ನ ಪಕ್ಕ ಕೂತಿದ್ದರಿಂದ ಇರಬೇಕು, ಅವರು ಬೇಡವೆನ್ನಲಿಲ್ಲ.

ನಾಳೆ ವೈದ್ಯ ಮಂಡಳಿಯವರು ನನ್ನ ಮುದ್ರೆ ವಾಪಸ್ ಕೇಳುತ್ತಾರೆ. ನಿಮ್ಮ ದಿನಚರಿಯನ್ನು ಅವರ ಮೇಜಿನ ಮೇಲಿಟ್ಟು ಬನವ್ವನ ಪುಟ ತೆರೆದು ಓದಿಸುತ್ತೇನೆ. ಮುದ್ರೆ ಉಳಿದರೆ ಉಳಿಯಲಿ, ಹೋದರೆ ಹೋಗಲಿ. ನಿಮ್ಮಲ್ಲಿ ಒಂದೇ ಬೇಡಿಕೆ: ಮೇಲಿನವರು ಎಷ್ಟೇ ಬೈದರೂ ಎರಡು ದೋಣಿಯಿಂದ ಒಂದು ಕಾಲನ್ನೂ ತೆಗೆಯಬೇಡಿ.

ನನ್ನ ಹೊಟ್ಟೆಕಿಚ್ಚು ಮಾತ್ರ ಆರಿಲ್ಲ, ಶಕುಂತಲಾ ಅವರೇ. ಹೊರಡುವಾಗ ಅಂದಾನೆಪ್ಪ ನಾಳೆನೂ ಬರ್ರಿ ಎಂದರು. ಅವರಿಗೆ ನಾಳೆ ಇರುವುದೇ ಅನುಮಾನ. ನಿಮಗೆ ಒಂಬತ್ತು ಬಸಿ ಸಿಕ್ಕಿತ್ತು. ನನಗೆ ಒಂದು.