ಉತ್ತತ್ತಿ ನೀರು

ವಲಾಂಡಿ
ಫಾಲ್ಗುಣ ವದ್ಯ ಷಷ್ಠಿ, ಫಸಲಿ ೧೩೩೦

ಅಕ್ಕ ಪ್ರಯಾಗಬಾಯಿಗೆ ನಿನ್ನ ತಂಗಿ ಲಲಿತಾಬಾಯಿಯ ಶರಣಾರ್ಥಿ.

ಉದಗೀರದಾಗ ನೀನೂ ಭಾವನೂ ಮಕ್ಕಳೂ ಆರಾಮ ಇದ್ದೀರಿ ಅಂತ ತಿಳದೀನಿ. ನಿನ್ನ ಎರಡು ಕಾಗದ ಬಂದ್ರೂ ಜವಾಬು ಬರೀಲಿಲ್ಲ, ಸಿಟ್ಟಾಗಬ್ಯಾಡ. ಬರಿಯೂ ಧೈರ್ಯ ಆಗಲಿಲ್ಲ. ನಾ ಈಗ ನಿಲಂಗಾದಾಗ ಇಲ್ಲ. ಹನ್ನೆರಡು ದಿನ ಆತು, ನನ್ನ ಕೂಸು ರೇವಣನ್ನ ಕರಕೊಂಡು ಅವ್ವನ ಮನಿಗೆ ಬಂದೀನಿ.

ಸಂಕ್ರಾಂತಿ ಮುಂದ ನಿಲಂಗಾಕ್ಕ ಒಬ್ಬ ಬೈರಾಗಿ ಬಂದಿದ್ದ. ನಮ್ಮ ಮನಿಯವರು ದಿನಾ ಅವನ ಹತ್ರ ಹೋಗಿ ಕೂಡ್ತಿದ್ರು. ಮೊದಲು ತಾವು ರೊಟ್ಟಿ, ಹಾಲು ಬಿಟ್ರು. ನಾ ಏನೂ ಅನ್ನಲಿಲ್ಲ, ದೊಡ್ಡವರು, ತಮ್ಮ ಹೊಟ್ಟಿ ತಮ್ಮದು. ಮಾಘ ಹತ್ತಿದ ಮ್ಯಾಲ ಒಂದಿನ ತೊಟ್ಟಿಲ ಹತ್ರ ಬಂದು, "ಹಾಲು ಅಂದ್ರ ರಕ್ತನ. ತಾಯಿದಾದ್ರೂ ಅಷ್ಟೇ. ನಮ್ಮ ಕೂಸು ಹಣ್ಣಿನ ರಸದ ಮ್ಯಾಲ ಬೆಳೀಲಿ, ಶುದ್ಧ ಆಗ್ತದ," ಅಂದ್ರು. ರೇವಣಗ ಆಗ ನಾಕು ತಿಂಗಳು.

ಆವತ್ತಿನಿಂದ ಉತ್ತತ್ತಿ ನೆನೆಹಾಕಿದ ನೀರು, ಬಾಳೆಹಣ್ಣಿನ ರಸ. ಮತ್ತೇನಿಲ್ಲ. ಎಂಟು ದಿನ ಕೂಸು ಒಂದೇ ಸವನ ಅತ್ತತು. ಆಮ್ಯಾಲ ಅಳೂದು ಬಿಡ್ತು. "ನೋಡು, ಹೆಂಗ ಶಾಂತ ಆಗ್ಯಾನ," ಅಂದ್ರು ಇವರು. ನಿಲ್ಲತಿದ್ದ ಕುತ್ತಿಗಿ ಮತ್ತ ವಾಲಾಕ ಹತ್ತಿತು.

ಇವರು ಹೊಲಕ್ಕ ಹೋದಾಗ ಹಕೀಮರ ಕಡೆ ಒಯ್ದೆ. ಅವರು ಕೂಸಿನ ತೊಡಿ ಚರ್ಮ ಎರಡು ಬೆರಳಾಗ ಹಿಡಿದು ಬಿಟ್ರು. ಚರ್ಮದ ಮಡಿಕಿ ಹಂಗೇ ನಿಂತತು. "ಬೇಟಿ, ಇದಕ್ಕ ನನ್ನ ಹತ್ರ ದವಾ ಇಲ್ಲ. ಇದು ಬೀಮಾರಿ ಅಲ್ಲ, ಹಸಿವಿ," ಅಂದ್ರು. ನಾ ಮನಿಗೆ ಹೋಗಲೇ ಇಲ್ಲ. ವಲಾಂಡಿ ಕಡೆ ಹೊಂಟ ಗಾಡಿ ಹತ್ತಿದೆ.

ಇಲ್ಲಿ ಕುರುಬರ ಮಲಕಮ್ಮ ದಿನಾ ಆಡಿನ ಹಾಲು ತರ್ತಾಳ. ಕಾಸಿ, ನೀರು ಬೆರೆಸಿ, ಹತ್ತಿ ಅರಳಿ ಅದ್ದಿ ಹನಿ ಹನಿ ಹಾಕ್ತೀವಿ. ಮೊದಲ ದಿನ ಅವಗ ನುಂಗಲಿಕ್ಕೂ ತ್ರಾಣ ಇರಲಿಲ್ಲ.

ಹೋದ ಸೋಮವಾರ ಇವರು ಬಂದ್ರು, ಕೂಸಿನ್ನ ಒಯ್ಯಾಕ. ನಾ ಬಾಗಿಲದಾಗ ನಿಂತು, "ನನ್ನ ಬೇಕಾದ್ರ ಬಿಡ್ರಿ, ಅವನ್ನ ಕೊಡಂಗಿಲ್ಲ," ಅಂದೆ. "ತಂದಿ ನಾ ಇದ್ದೀನಿ. ಅವನ ಹೊಣಿ ನಂದು," ಅಂದ್ರು. ಅವ್ವ ಕೂಸಿನ ಅಂಗಿ ಬಿಚ್ಚಿ, ಕಟ್ಟಿಗೆ ಕೂತ ಇವರ ತೊಡಿ ಮ್ಯಾಲ ಮಲಗಿಸಿದಳು. ಬಿಸಲಾಗ ಪಕ್ಕೆಲಬು ಒಂದೊಂದೂ ಕಾಣತಿತ್ತು. ಇವರು ಭಾಳ ಹೊತ್ತು ನೋಡಿದ್ರು. ಆಮ್ಯಾಲ ಹಾಲು ತಂದು ನಿಂತಿದ್ದ ಮಲಕಮ್ಮಗ ಕೇಳಿದ್ರು, "ಬದುಕತಾನೇನು?"

"ಹಾಲು ಒಳಗ ಇಳೀಲಿಕತ್ತದ್ರಿ. ಅದರಾಚಿ ನಂಗ ಗೊತ್ತಿಲ್ಲ," ಅಂದಳು ಆಕಿ.

ಆವತ್ತಿನಿಂದ ಇಲ್ಲೇ ಇದ್ದಾರ. ಮಲಕಮ್ಮನ ಆಡಿಗೆ ತಪ್ಪಲ ತಂದು ಹಾಕ್ತಾರ. ನನ್ನ ಕೂಡ ಮಾತಿಲ್ಲ. ನಿನ್ನೆ ರೇವಣ ಅತ್ತ, ಬೆಕ್ಕಿನ ಮರಿಯಂಥ ದನಿ. ಎಲ್ಲಾರೂ ಕೆಲಸ ಬಿಟ್ಟು ಓಡಿದ್ವಿ. ಆದ್ರ ಕಾಲು ಇನ್ನೂ ಆಡಸವಲ್ಲ. ಅವ ಕಣ್ಣು ಮುಚ್ಚಿದ್ರ ಸಾಕು, ಮೂಗಿನ ಮುಂದ ಬೆರಳು ಹಿಡೀತೀನಿ.

ನಿನ್ನ ಮಕ್ಕಳ ಹೊಟ್ಟಿ ತಣ್ಣಗಿರಲಿ. ಶಿವ ಅವರನ್ನ ಕಾಯಲಿ.

ನಿನ್ನ ತಂಗಿ,
ಲಲಿತಾ

ತಾ.ಕ.: ಅಕ್ಕಾ, ಹಾಲು ಬತ್ತ್ಯಾವ ಅಂತ ಮಾಘದಾಗ ನಿನಗ ಬರದಿದ್ದೆ. ನೀ ಪಾಪ, ಮೆಂತ್ಯದ ಉಂಡಿ ಕಟ್ಟಿ ಕಳಸಿದಿ. ಅದು ಸುಳ್ಳು. ಹಾಲು ಇತ್ತು, ಕುಪ್ಪಸ ತೋಯ್ತಿತ್ತು. ಇವರ ಮಾತು ಮೀರಾಕ ಅಂಜಿ ಬಚ್ಚಲದಾಗ ಹಿಂಡಿ ಚೆಲ್ಲತಿದ್ದೆ, ಅತ್ತ ಕೂಸು ತೊಟ್ಟಿಲದಾಗ ಅಳತಿತ್ತು. ಇಲ್ಲಿ ಬಂದ ದಿನ ಮೊಲಿಗೆ ಹಚ್ಚಿದೆ. ಆಗ ಖರೇನ ಬತ್ತಿತ್ತು. ಊರಾಗ ಎಲ್ಲಾರೂ ಇವರನ್ನ ಬೈತಾರ. ನನ್ನ ಯಾರೂ ಬೈಯವಲ್ಲರು.