ಗೋಡೆಯನ್ನು ಬಿಡು ಎಂದ ಅಣ್ಣನಿಗೆ

ಅಣ್ಣಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಬೆಳಿಗ್ಗೆಯಿಂದ ನೀನು ಕಳಿಸಿರುವ ಮೆಸೇಜುಗಳನ್ನು ನೋಡಿದರೇ ಗೊತ್ತಾಗುತ್ತದೆ, ನಿನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮಿಂಚು ಒಪ್ಪಿದಳು. ಮಿಂಚಿನ ಹಳೇ ಕ್ಲಬ್ಬಿನ ಕರಾರು ಮುಗಿಯಿತು, ಇನ್ನು ಅವಳನ್ನು ಹಿಡಿಯುವವರಿಲ್ಲ. ರಾಕೆಟ್, ಲಂಬು, ಮಿಂಚು ಮೂವರೂ ಒಂದೇ ತಂಡದಲ್ಲಿ ಇದ್ದರೆ ಮುಂದಿನ ವರ್ಷ ಗೆದ್ದ ಕಪ್ ಎಲ್ಲಿಡುವುದು ಅಂತ ಈಗಲೇ ಜಾಗ ನೋಡಬೇಕು. ಇಷ್ಟೆಲ್ಲ ಬರೆದು ಕೊನೆಗೆ, ಹೊರಗೆ ಹೋಗುವವರು ಫ್ಯಾನ್ ಆರಿಸು ಅಂತ ಕೂಗಿ ಹೇಳುವ ಹಾಗೆ, ಒಂದು ಸಾಲು ಹಾಕಿದ್ದೀಯ: "ಹನ್ನೆರಡೇ ಜನಕ್ಕೆ ಜಾಗ ಇರೋದು. ಗೋಡೆನ ಬಿಡು. ನೀನೇ ಹೇಳ್ಬಿಡು ಅವಳಿಗೆ."

ಗೋಡೆ ಅಂದರೆ ಯಾರಣ್ಣ? ತಂಡದ ಹುಡುಗಿಯರು ಹಾಗೆ ಕರೆಯುತ್ತಾರೆ, ಪ್ರೀತಿಯಿಂದ ಕರೆಯುತ್ತಾರೆ. ಮನೆಯಲ್ಲಿ ಪುಟ್ಟಿ ಎಂದು ಕರೆಯುವವನು ನೀನು. ತಂಡದಿಂದ ತೆಗೆಯುವ ಹೊತ್ತಿಗೆ ಮಾತ್ರ ನಿನ್ನ ಬಾಯಲ್ಲೂ ಅವಳು ಗೋಡೆಯಾದಳೋ?

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ, "ಒಂದ್ನಿಮಿಷ ಇರು, ಇನ್ನೊಂದು ಕಾಲ್ ಬರ್ತಿದೆ" ಅಂತೀಯ. ಆ ಒಂದು ನಿಮಿಷ ಮುಗಿದದ್ದನ್ನು ನಾನಂತೂ ಕಂಡಿಲ್ಲ. ಪತ್ರಕ್ಕೆ ನಡುವೆ ಇನ್ನೊಂದು ಕಾಲ್ ಬರುವುದಿಲ್ಲ. ಕೂತು ಓದು. ಅಂಗಡಿಯ ಮಹಡಿಯಲ್ಲಿ ಬೇಡ, ಮನೆಯಲ್ಲಿ ಓದು.

ಮೊದಲು ನಿನಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ, ಆಮೇಲೆ ತಂಗಿ ಹೊಟ್ಟೆಕಿಚ್ಚು ಪಟ್ಟಳು ಎನ್ನಬೇಡ. ಹೋದ ವರ್ಷ ನೀನು ರಾಕೆಟ್ ಮತ್ತು ಲಂಬು ಇಬ್ಬರನ್ನೂ ತಂದದ್ದು ಸರಿಯೇ. ಅದಕ್ಕೆ ಮುಂಚೆ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಗತಿ ಏನಿತ್ತು ಎಂದು ಕೋಚ್ ಆದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಮೇಲೆ ಆಟವಿದ್ದ ದಿನ ಎದುರಾಳಿಗಳು ತಮ್ಮ ಒಳ್ಳೆಯ ಆಟಗಾರ್ತಿಯರಿಗೆ ರಜೆ ಕೊಡುತ್ತಿದ್ದರು. ನಿನ್ನ ಪೇಂಟ್ ಅಂಗಡಿಯ ಹೆಸರನ್ನು ಬೆನ್ನ ಮೇಲೆ ಹೊತ್ತು ನಮ್ಮ ಹುಡುಗಿಯರು ಓಡುತ್ತಿದ್ದರೆ ನೋಡುವುದಕ್ಕೆ ಅವರವರ ಅಮ್ಮಂದಿರು, ಬಾಗಿಲ ಬಳಿ ಟೀ ಮಾರುವವನು, ಅಷ್ಟೇ. ಟೀಯವನೂ ಅರ್ಧಕ್ಕೇ ಎದ್ದು ಹೋಗುತ್ತಿದ್ದ. ಇಬ್ಬರು ದೊಡ್ಡ ಆಟಗಾರ್ತಿಯರು ಬಂದ ಮೇಲೆ ಹಾಲ್ ತುಂಬಿತು, ನಮ್ಮ ಹುಡುಗಿಯರ ಬೆನ್ನು ನೆಟ್ಟಗಾಯಿತು, ಎದುರಾಳಿಗಳಿಗೆ ಭಯ ಬಂತು. ಒಪ್ಪಿದೆ. ಕ್ಲಬ್ಬಿನ ಅಧ್ಯಕ್ಷನಾದ ನನ್ನ ಅಣ್ಣನಿಗೆ ಜೈ.

ಆದರೆ ಮೊದಲ ತಿಂಗಳು ಏನಾಯಿತು ಅಂತ ಮರೆತೆಯಾ? ರಾಕೆಟ್ ದೂರದಿಂದ ಎಸೆದು ಅಂಕಗಳ ರಾಶಿ ಹಾಕುತ್ತಿದ್ದಳು, ನಾವು ಒಂದೊಂದೇ ಪಂದ್ಯ ಸೋಲುತ್ತಿದ್ದೆವು. ನೀನು ಮುಂದಿನ ಸಾಲಿನಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದೆ. ಆಟ ಮುಗಿದ ಮೇಲೆ ನೀರಿನ ಡ್ರಮ್ಮಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು, ಎಲ್ಲ ಅವಳಿಂದಲೇ, ಸುಮ್ಮನೆ ಆಡುವುದು ಬಿಟ್ಟು ನಡುವೆ ಬಾಯಿ ಹಾಕುತ್ತಾಳೆ ಅಂತ ಪುಟ್ಟಿಯನ್ನು, ನಿನ್ನ ಮಗಳನ್ನೇ, ಬೈದೆ. ಅವಳು ಬಾಯಿ ಹಾಕುತ್ತಿದ್ದಳು, ನಿಜ. ಹಾಕಿದ್ದು ಒಂದೇ ಮಾತು. ಬಿಡು.

ನಮ್ಮ ಹಾಲ್‌ನಲ್ಲಿ ಬೆಳೆದ ಯಾವ ಹುಡುಗಿಗಾದರೂ ಆ ಮಾತು ಗೊತ್ತು. ಪುಟ್ಟಿ ಬುಟ್ಟಿಯ ಮುಂದೆ ಅಗಲವಾಗಿ ನಿಂತು "ಬಿಡು" ಅಂದರೆ, ಚೆಂಡನ್ನು ನನ್ನ ಹತ್ತಿರ ಬಿಟ್ಟು ನನ್ನನ್ನು ಬಳಸಿಕೊಂಡು ಓಡು, ನಿನ್ನ ಹಿಂದೆ ಬರುವವಳನ್ನು ನಾನು ತಡೆಯುತ್ತೇನೆ, ಆಮೇಲೆ ಚೆಂಡು ವಾಪಸ್ ಕೊಡುತ್ತೇನೆ ಅಂತ. ರಾಕೆಟ್ ಆಡಿ ಬಂದ ಕಡೆ ಬಿಡು ಅಂದರೆ ಬಾಣ ಬಿಡು ಅನ್ನುವ ಹಾಗೆ, ಬುಟ್ಟಿಗೆ ಎಸೆ ಅಂತ. ಇವಳು ಬಿಡು ಅಂದಳು, ಅವಳು ಎಲ್ಲಿದ್ದರೆ ಅಲ್ಲಿಂದ ಎಸೆದಳು. ಇವಳು ಇನ್ನೂ ಜೋರಾಗಿ ಬಿಡು ಅಂದಳು, ಅವಳು ಇನ್ನೂ ದೂರದಿಂದ ಎಸೆದಳು. ಅದಾದರೂ ಹೋಗಲಿ. ಒಂದು ಪಂದ್ಯದ ಕೊನೆಯಲ್ಲಿ ಲಂಬು ಕೈಗೆ ಚೆಂಡು ಸಿಕ್ಕಿ ಅವಳು ಅನುಮಾನಿಸುತ್ತಿದ್ದಾಗ ರಾಕೆಟ್ ದೂರದಿಂದ "ಬಿಡು, ಬಿಡು" ಅಂತ ಕೂಗಿದಳು. ಲಂಬು ಗಾಬರಿಯಲ್ಲಿ ಚೆಂಡು ಜಾರಿಸಿದಳು. ನಮ್ಮ ಹುಡುಗಿಯರು ಬಿಡು ಎಂಬ ಮಾತು ಕೇಳಿದ್ದೇ ತಡ, ಯಾರೋ ಹಿಂದಿನಿಂದ ತೆಗೆದುಕೊಳ್ಳುತ್ತಾರೆ ಅಂತ ಬಹಳ ಮರ್ಯಾದೆಯಿಂದ ದಾರಿ ಬಿಟ್ಟು ನಿಂತರು. ಚೆಂಡು ತನ್ನ ಪಾಡಿಗೆ ಉರುಳಿಕೊಂಡು ಹೋಗಿ ಗೆರೆ ದಾಟಿತು. ಎದುರಾಳಿ ತಂಡದ ಕೋಚ್ ಕೂಡ ನಗು ತಡೆಯಲಾರದೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಸಿಟ್ಟಿನಿಂದ ರಾಕೆಟ್‌ನ ಕೇಳಿದರೆ, "ಅವಳು ಬಿಡು ಅಂದಾಗಲೆಲ್ಲ ಬಿಟ್ಟಿದ್ದೀನಿ ಮೇಡಂ, ಇನ್ನೇನು ಮಾಡ್ಲಿ?" ಅಂತ ಅವಳೂ ಸಿಟ್ಟು ಮಾಡಿದಳು.

ಅವತ್ತು ಬಟ್ಟೆ ಬದಲಿಸುವ ಕೋಣೆಯಲ್ಲಿ ಅದನ್ನು ಸರಿಮಾಡಿದವರು ರಾಕೆಟ್, ಪುಟ್ಟಿ ಇಬ್ಬರೇ. ಒಬ್ಬಳು ಕಾಲಿನ ಪಟ್ಟಿ ಬಿಚ್ಚುತ್ತ, ಇನ್ನೊಬ್ಬಳು ಮೊಣಕಾಲಿಗೆ ಐಸ್ ಒತ್ತಿಕೊಂಡು, ನೀನು ಏನಂದೆ ನಾನು ಏನು ತಿಳಿದೆ ಅಂತ ಜಗಳ ಶುರುಮಾಡಿ, ಅರ್ಥವಾದ ಮೇಲೆ ಬೆಂಚಿನಿಂದ ಬೀಳುವ ಹಾಗೆ ನಕ್ಕರು. ಎಸೆಯುವುದಕ್ಕೆ ಬಿಡು, ಚೆಂಡು ಕೊಟ್ಟು ಓಡುವುದಕ್ಕೆ ಇಡು ಅಂತ ಒಪ್ಪಂದವಾಯಿತು. ಹಳೆಯ ಹುಡುಗಿಯರ ನಾಲಗೆ ತಿರುಗುವುದಕ್ಕೆ ಕೆಲವು ದಿನ ಬೇಕಾಯಿತು, ಅಷ್ಟೇ. ಅಲ್ಲಿಂದ ನಾವು ಗೆಲ್ಲುವುದಕ್ಕೆ ಶುರುಮಾಡಿದೆವು.

ಹೇಗೆ ಗೆದ್ದೆವು ಅಂತ ನೀನು ನೋಡಿದ್ದೀಯಾ? ಇದನ್ನು ನಾನು ವ್ಯಂಗ್ಯಕ್ಕೆ ಕೇಳುತ್ತಿಲ್ಲ. ಪ್ರತಿ ಪಂದ್ಯಕ್ಕೂ ನೀನು ಬಂದಿದ್ದೆ, ಆದರೆ ನಿನ್ನ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ, ಚೆಂಡು ಬುಟ್ಟಿಗೆ ಬಿದ್ದ ಮೇಲೆ ಬೋರ್ಡಿನ ಮೇಲೆ ಹೋಗುತ್ತದೆ. ಎದುರಾಳಿಗಳು ರಾಕೆಟ್ ಹಿಂದೆ ಇಬ್ಬರನ್ನು ಬಿಡುತ್ತಿದ್ದರು. ಆ ಇಬ್ಬರಲ್ಲಿ ಒಬ್ಬಳು ಬಂದು ಪುಟ್ಟಿಯ ಎದೆಗೆ, ಭುಜಕ್ಕೆ, ಪಕ್ಕೆಗೆ ಡಿಕ್ಕಿ ಹೊಡೆಯುತ್ತಿದ್ದಳು. ಇನ್ನೊಬ್ಬಳು ತಲುಪುವಷ್ಟರಲ್ಲಿ ರಾಕೆಟ್ ಎಸೆದು ಮುಗಿಸಿರುತ್ತಿದ್ದಳು. ಪೇಪರಿನಲ್ಲಿ ರಾಕೆಟ್ ಹೆಸರಿನ ಮುಂದೆ ಮೂವತ್ತು ಅಂಕ, ಪುಟ್ಟಿ ಹೆಸರಿನ ಮುಂದೆ ಎರಡು, ಕೆಲವು ಸಲ ಸೊನ್ನೆ. ಆ ಸೊನ್ನೆಯನ್ನು ನೀನು ಓದಿದೆ. ಅವಳ ಪಕ್ಕೆಯ ಕಪ್ಪು ಕಲೆಯನ್ನು ಅತ್ತಿಗೆ ಎಣ್ಣೆ ಹಚ್ಚುವಾಗ ನೋಡಿದರು.

ನಿನ್ನ ಕಷ್ಟವೂ ನನಗೆ ಗೊತ್ತು. ಕ್ಷೌರದ ಅಂಗಡಿಯಲ್ಲಿ ಯಾರೋ, ಅಧ್ಯಕ್ಷರ ಮಗಳಲ್ಲವೆ, ಅದಕ್ಕೇ ತಂಡದಲ್ಲಿದ್ದಾಳೆ ಅಂದರಂತೆ. ಅಂದಿನಿಂದ ನಿನಗೆ ಅದು ಗಂಟಲಿಗೆ ಸಿಕ್ಕ ಮುಳ್ಳು. ಅವಳಿಗೆ ಸಲುಗೆ ಕೊಟ್ಟೆ ಅನ್ನಬಾರದು ಎಂದು ಎಲ್ಲರಿಗೂ ಕೊಡುವ ಸಲುಗೆಯನ್ನೂ ಅವಳಿಗೆ ಕೊಡಲಿಲ್ಲ. ರಾಕೆಟ್‌ನ, ಲಂಬುನ ನಿನ್ನ ಕಾರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದೆ. ನಿನ್ನದೇ ಮನೆಯಿಂದ ಹೊರಟ ಮಗಳು ಚೆಂಡಿನ ಚೀಲ ಹೊತ್ತು ಬಸ್ಸಿನಲ್ಲಿ ಬರುತ್ತಿದ್ದಳು. ಲಂಬು ಒಂದು ದಿನ ನನ್ನ ಹತ್ತಿರ ಬಂದು, ಅವಳು ನಿಜವಾಗಿಯೂ ಸರ್ ಮಗಳಾ ಅಂತ ಮೆಲ್ಲಗೆ ಕೇಳಿದಳು. ಏನು ಹೇಳಲಿ ನಾನು? ಹೌದಮ್ಮ, ಅದಕ್ಕೇ ಬಸ್ಸು ಅಂದೆ.

ಈಗ ಮಿಂಚು. ಅಣ್ಣಾ, ಮಿಂಚು ಒಳ್ಳೆಯ ಆಟಗಾರ್ತಿ, ನಾನೇನು ಕುರುಡಿಯಲ್ಲ. ಆದರೆ ನಮ್ಮಲ್ಲಿ ಎಸೆಯುವವರು ಈಗಲೇ ಇದ್ದಾರೆ. ಇರುವ ಒಂದು ಚೆಂಡಿಗೆ ಮೂವರು ಕೈ ಚಾಚಿದರೆ, ಏಟು ತಿನ್ನುವುದಕ್ಕೆ ಯಾರು ನಿಲ್ಲುತ್ತಾರೆ? ಇದನ್ನು ನಿನಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ನೀನು ಅಂಗಡಿಗೆ ಬಣ್ಣ ತಂದ ಹಾಗೆ ಆಟಗಾರ್ತಿಯರನ್ನು ತರುತ್ತೀಯ, ಯಾವುದು ಹೊಳೆಯುತ್ತದೋ ಅದೇ ಬೇಕು. ಬಳಿಯುವುದು ಯಾವುದರ ಮೇಲೆ ಅಂತ ಒಂದು ದಿನವಾದರೂ ಕೇಳಿದೆಯಾ?

ಇರಲಿ. ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಿನ್ನ ಮೆಸೇಜ್ ಬಂದಾಗ ನಾನು ಹಾಲ್‌ನಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದೆ. ಅದನ್ನು ಓದಿ, ಇದನ್ನು ಅವಳಿಗೆ ಯಾವ ಬಾಯಲ್ಲಿ ಹೇಳುವುದು ಅಂತ ಪಂಪ್ ಹಿಡಿದುಕೊಂಡು ಕೂತಿರುವಾಗ ಅವಳೇ ಬಂದಳು. ನನ್ನ ಎದುರು ನೆಲದ ಮೇಲೆ ಕೂತು, ಒಂದು ಚೆಂಡನ್ನು ಮಡಿಲಲ್ಲಿಟ್ಟುಕೊಂಡು, "ಅತ್ತೆ, ಅಪ್ಪಂಗೆ ಒಂದು ಮಾತು ಹೇಳ್ಬೇಕು. ನೀನೇ ಹೇಳ್ತೀಯಾ?" ಅಂದಳು. ನನಗೆ ನಗು ಬಂತು, ಆಮೇಲೆ ಮೈಯೆಲ್ಲ ಉರಿದುಹೋಯಿತು. ಒಂದೇ ಮನೆಯಲ್ಲಿ, ಒಂದೇ ಮೇಜಿನ ಮೇಲೆ ಊಟ ಮಾಡುವ ಅಪ್ಪ ಮಗಳು ನೀವು. ಮಾತಾಡುವುದಕ್ಕೆ ಮಾತ್ರ ನಾನು ಬೇಕು.

ಅವಳ ಮಾತು ಇದು. ಸೇತುವೆಯ ಆಚೆಯ ಕ್ಲಬ್, ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿತಲ್ಲ, ಅವರ ಕೋಚ್ ಅವಳಿಗೆ ಫೋನ್ ಮಾಡಿದ್ದರು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು ಅಂದೆನಲ್ಲ, ಅವರೇ. ಅವರು ಅಂಕದ ಮಾತೇ ಎತ್ತಲಿಲ್ಲವಂತೆ. ಫೈನಲ್‌ಗೆ ಮುಂಚೆ ವಾರವಿಡೀ ನಮ್ಮ ಹುಡುಗಿಯರಿಗೆ ನಿನ್ನನ್ನು ದಾಟುವುದನ್ನೇ ಕಲಿಸಿದೆ, ಆದರೂ ಸರಿಯಾಗಿ ಬರಲಿಲ್ಲ, ನಮ್ಮ ಕಡೆಗೇ ಬಂದುಬಿಡು ಅಂದರಂತೆ. ಅವಳಿಗೆ ಗಾಬರಿಯಾಯಿತು. ನನ್ನ ಕರಾರು ಇನ್ನೂ ಎಷ್ಟು ದಿನ ಇದೆ ಅಂತ ನಮ್ಮ ಕಾರ್ಯದರ್ಶಿಯನ್ನು ಕೇಳಿದಳು. ಅವರು ಕಪಾಟು ಕೂಡ ತೆರೆಯಲಿಲ್ಲ. ನಿನ್ನದು ಎಲ್ಲಮ್ಮಾ ಕರಾರು, ನೀನು ಸೇರಿದ ವರ್ಷವೇ ನಿಮ್ಮಪ್ಪ, ಮನೆ ಮಗಳು ಎಲ್ಲಿಗೆ ಹೋಗ್ತಾಳೆ, ಅವಳ ಸಹಿ ಯಾಕೆ ಅಂದುಬಿಟ್ಟರಲ್ಲ ಅಂತ ನಕ್ಕರಂತೆ.

ಕೇಳಿಸಿತಾ ಅಣ್ಣ? ಕರಾರಿಲ್ಲದ ಒಳ್ಳೆಯ ಆಟಗಾರ್ತಿ ಎಲ್ಲಿದ್ದಾಳೆ ಅಂತ ನೀನು ಊರೂರು ಹುಡುಕಿಸಿದೆ. ಒಬ್ಬಳು ನಿನ್ನ ಮನೆಯಲ್ಲೇ ಮಲಗಿ ಏಳುತ್ತಿದ್ದಳು. ಬೇರೆಯವರ ಕಣ್ಣಿಗೆ ಬಿದ್ದಳು.

ಆದರೂ ಅವಳು ಅವರಿಗೆ ಹೂಂ ಅನ್ನಲಿಲ್ಲ. ಮೊದಲು ಅಪ್ಪನ ಹತ್ತಿರ ಕೇಳುತ್ತೇನೆ ಅಂದಳಂತೆ. ಮೊನ್ನೆ ಮಧ್ಯಾಹ್ನ ನಿನ್ನ ಅಂಗಡಿಗೆ ಬಂದಿದ್ದಳು, ನೆನಪಿದೆಯಾ? ಮಹಡಿ ಹತ್ತಿ ಬಂದು, ಅಪ್ಪ ಈ ಸಲ ನನಗೂ ಒಂದು ಸಹಿ ಹಾಕಿಸಿಕೋ ಅಂತ ಕೇಳಬೇಕೆಂದು. ನೀನು ಫೋನಿನಲ್ಲಿದ್ದೆ. ಕೂತುಕೋ ಅಂತ ಕೈ ಮಾಡಿದೆಯಂತೆ. ಅವಳು ಬಣ್ಣದ ಕಾರ್ಡುಗಳ ಪಕ್ಕದ ಸ್ಟೂಲಿನ ಮೇಲೆ ಕೂತಳು. ನೀನು ಫೋನಿನಲ್ಲಿ ಮಿಂಚಿನ ಕಡೆಯವರಿಗೆ ಹೇಳುತ್ತಿದ್ದೆ: "ಜಾಗಕ್ಕೆ ಯೋಚನೆ ಮಾಡ್ಬೇಡಿ. ಒಬ್ಬಳನ್ನ ತೆಗೀತಿದ್ದೀವಿ. ಅಂಥ ಆಟಗಾರ್ತಿ ಏನಲ್ಲ." ಹಾಗೆ ಹೇಳುವಾಗ ನೀನು ಅವಳ ಕಡೆ ನೋಡಲಿಲ್ಲವಂತೆ. ಬೇಕೆಂದೇ ನೋಡಲಿಲ್ಲವೋ, ಅವಳು ಅಲ್ಲಿ ಇದ್ದದ್ದೇ ಮರೆತುಹೋಯಿತೋ, ಅದನ್ನು ಮಾತ್ರ ಅವಳು ನನ್ನನ್ನು ಮತ್ತೆ ಮತ್ತೆ ಕೇಳಿದಳು. ನಿನ್ನ ಆ ಮಾತು ಕೇಳಿ ಅವಳು ಸ್ಟೂಲಿನಿಂದ ಎದ್ದು ಮೆಟ್ಟಿಲಿಳಿದು ಬಂದುಬಿಟ್ಟಳಂತೆ. ನೀನು ಫೋನ್ ಮುಗಿಸಿದ ಮೇಲಾದರೂ ಸ್ಟೂಲು ಖಾಲಿ ಇದ್ದದ್ದನ್ನು ನೋಡಿದೆಯಾ?

ನಿನ್ನೆ ಅವಳು ಸೇತುವೆಯ ಆಚೆ ಹೋಗಿ ಸಹಿ ಹಾಕಿ ಬಂದಳು. ಎರಡು ವರ್ಷಕ್ಕೆ.

ಹಾಗಾಗಿ ನೀನು ಹೇಳಿದ ಕೆಲಸ ಮಾಡುವ ಅಗತ್ಯ ಬೀಳಲಿಲ್ಲ. ಜಾಗ ಖಾಲಿಯಾಗಿದೆ, ಮಿಂಚು ಬರಬಹುದು. ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಅದೇ ನನಗೆ ಸಂಕಟ. ಸುದ್ದಿ ಕೇಳಿ ಅತ್ತವಳು ರಾಕೆಟ್. ಇನ್ನು ನನ್ನ ಮುಂದೆ ನಿಲ್ಲುವವರು ಯಾರು ಮೇಡಂ ಅಂತ ಕೇಳಿದಳು. ಮಿಂಚನ್ನು ಕೇಳು, ಅಧ್ಯಕ್ಷರನ್ನು ಕೇಳು ಅಂತ ಗದರಿ ಕಳಿಸಿದೆ, ಆಮೇಲೆ ನನಗೇ ಪಾಪ ಅನ್ನಿಸಿತು.

ನಾನು ಎಲ್ಲಿಗೂ ಹೋಗುವುದಿಲ್ಲ. ನಿನ್ನ ತಂಡದ ಕೋಚ್ ಆಗಿಯೇ ಇರುತ್ತೇನೆ, ನಿನ್ನ ಮೂರು ನಕ್ಷತ್ರಗಳಿಗೂ ಒಂದೇ ಚೆಂಡಿನಲ್ಲಿ ಆಡುವುದನ್ನು ಕಲಿಸಲು ನನ್ನ ಕೈಲಾದಷ್ಟು ಪ್ರಯತ್ನ ಮಾಡುತ್ತೇನೆ. ಮುಂದಿನ ವರ್ಷದ ಮೊದಲ ಪಂದ್ಯವೇ ಸೇತುವೆಯ ಆಚೆಯವರ ಮೇಲೆ. ನೀನು ಎಂದಿನಂತೆ ಮುಂದಿನ ಸಾಲಿನಲ್ಲಿ ಕೂತಿರುತ್ತೀಯ. ನಿನ್ನ ಅಂಗಡಿಯ ಹೆಸರು ಹೊತ್ತ ಐವರೂ ಆ ಕಡೆಯ ಬುಟ್ಟಿಗೇ ಓಡಬೇಕು, ಮತ್ತು ಆ ಬುಟ್ಟಿಗೂ ಅವರಿಗೂ ನಡುವೆ ಬೇರೆ ಬಣ್ಣದ ಅಂಗಿ ಹಾಕಿಕೊಂಡು ಪುಟ್ಟಿ ನಿಂತಿರುತ್ತಾಳೆ. ಅವತ್ತು ನೀನು ಅವಳನ್ನು ನೋಡುತ್ತೀಯ ಅಣ್ಣ. ಆಟ ಮುಗಿಯುವ ತನಕ ಅವಳನ್ನೇ ನೋಡುತ್ತಿರುತ್ತೀಯ.

ಅವಳಿಗೆ ಏಟು ಬೀಳದಿರಲಿ. ನಿನಗೆ ಒಳ್ಳೆಯ ಬುದ್ಧಿ ಬರಲಿ, ಆದಷ್ಟು ಬೇಗ ಬರಲಿ.

ನಿನ್ನ ಮೇಲೆ ಬೆಟ್ಟದಷ್ಟು ಸಿಟ್ಟಿದ್ದರೂ ನಿನ್ನವಳೇ ಆದ,
ತಂಗಿ